ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕೊಲೆಸ್ಟ್ರಾಲ್ ಬೇರೆ, ಟ್ರೈಗ್ಲಿಸರೈಡ್ ಬೇರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ರಿಪೋರ್ಟ್ ಎದುರಿಗಿಟ್ಟುಕೊಂಡು ಬರೆದವು. ರಿಪೋರ್ಟಿನಲ್ಲಿ ಯಾವ ಅಂಕಿ ಹೆಚ್ಚಿದ್ದರೂ ಅದಕ್ಕೆ 'ಕೊಲೆಸ್ಟ್ರಾಲ್' ಎಂದೇ ಹೆಸರಿಟ್ಟು, ಮೊದಲು ತುಪ್ಪ ಬಿಡುವವರೇ ಜಾಸ್ತಿ. ಎಲ್‌ಡಿಎಲ್ ಎಂದರೆ ರಕ್ತನಾಳದಲ್ಲಿ ಕೂರುವ 'ಕೆಟ್ಟ' ಕೊಲೆಸ್ಟ್ರಾಲ್, ಎಚ್‌ಡಿಎಲ್ ಎಂದರೆ 'ಒಳ್ಳೆಯ' ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎಂದರೆ ರಕ್ತದಲ್ಲಿ ಹರಿಯುವ ಕೊಬ್ಬು. ಒಂದೇ ಹಾಳೆಯಲ್ಲಿ ಬಂದರೂ ಎಲ್‌ಡಿಎಲ್ ಏರುವ ಕಾರಣ ಬೇರೆ, ಟ್ರೈಗ್ಲಿಸರೈಡ್ ಏರುವ ಕಾರಣ ಬೇರೆ, ಇಳಿಸುವ ದಾರಿಯೂ ಬೇರೆ. ಕೆಳಗಿನ ಅಂಕಿಗಳೆಲ್ಲ, ಬೇರೆ ಹೇಳದಿದ್ದರೆ, ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿವೆ.

ಪ್ರಶ್ನೆ: ವಯಸ್ಸು 42, ತೂಕ 84 ಕಿಲೋ, ಅಂಗಡಿ ವ್ಯಾಪಾರ. ಒಟ್ಟು ಕೊಲೆಸ್ಟ್ರಾಲ್ 238, ಟ್ರೈಗ್ಲಿಸರೈಡ್ 310, ಎಚ್‌ಡಿಎಲ್ 36, ಎಲ್‌ಡಿಎಲ್ 140, ವಿಎಲ್‌ಡಿಎಲ್ 62 ಬಂದಿತ್ತು. ಮೂರು ತಿಂಗಳಿಂದ ತುಪ್ಪ, ಬೆಣ್ಣೆ, ಮೊಟ್ಟೆ ಮುಟ್ಟಿಲ್ಲ. ಹಸಿವಾದರೆ ಮಂಡಕ್ಕಿ, ಬಿಸ್ಕತ್ತು. ದಿನಕ್ಕೆ ಐದು ಕಾಫಿ. ಶನಿವಾರ, ಭಾನುವಾರ ಒಂದೊಂದು ಕ್ವಾರ್ಟರ್. ಮೊನ್ನೆ ನೋಡಿಸಿದರೆ ಟ್ರೈಗ್ಲಿಸರೈಡ್ 322! ಎಲ್ಲಿ ತಪ್ಪಾಗಿದೆ?
(ಓದುಗರು, ದಾವಣಗೆರೆ)

ಉತ್ತರ: ನೀವು ಬಿಟ್ಟಿದ್ದು ಎಲ್‌ಡಿಎಲ್‌ಗೆ ಸಂಬಂಧಿಸಿದ ಪದಾರ್ಥಗಳನ್ನು. ಏರಿರುವುದು ಮುಖ್ಯವಾಗಿ ಟ್ರೈಗ್ಲಿಸರೈಡ್. ಈ ಮಟ್ಟದ ಟ್ರೈಗ್ಲಿಸರೈಡ್‌ನ ದೊಡ್ಡ ಪಾಲು ತಟ್ಟೆಯಲ್ಲಿನ ಎಣ್ಣೆಯಿಂದ ನೇರವಾಗಿ ಬಂದದ್ದಲ್ಲ, ಲಿವರ್ ತಯಾರಿಸಿದ್ದು. ಸಕ್ಕರೆ, ಮೈದಾ, ಅನ್ನದ ರೂಪದಲ್ಲಿ ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಶಕ್ತಿ ಒಳಗೆ ಹೋದರೆ, ಲಿವರ್ ಅದನ್ನು ಕೊಬ್ಬಾಗಿ ಮಾರ್ಪಡಿಸಿ ವಿಎಲ್‌ಡಿಎಲ್ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ತುಪ್ಪ ಬಿಟ್ಟ ಜಾಗಕ್ಕೆ ಮಂಡಕ್ಕಿ, ಬಿಸ್ಕತ್ತು ಬಂದಿರುವುದರಿಂದಲೇ ಅಂಕಿ ಇಳಿದಿಲ್ಲ.

ಕಾಫಿಯ ಲೆಕ್ಕ ಮೊದಲು ನೋಡಿ. ಕಪ್ಪಿಗೆ ಎರಡು ಟೀಚಮಚ ಸಕ್ಕರೆ ಎಂದುಕೊಂಡರೆ ಐದು ಕಪ್ಪಿಗೆ ಹತ್ತು ಚಮಚ, ಅಂದರೆ 40ರಿಂದ 50 ಗ್ರಾಂ. ಬೆಲ್ಲ ಹಾಕಿದರೂ, ಜೇನು ಹಾಕಿದರೂ ಲಿವರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನು ಕ್ವಾರ್ಟರ್. 180 ಮಿಲಿ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅದೊಂದೇ 420 ಕ್ಯಾಲೊರಿ. ಆಲ್ಕೋಹಾಲ್ ಬಂದಾಗ ಲಿವರ್ ಅದನ್ನೇ ಮೊದಲು ಉರಿಸುತ್ತದೆ, ಕೊಬ್ಬನ್ನು ಉರಿಸುವ ಕೆಲಸ ಹಿಂದೆ ಬೀಳುತ್ತದೆ, ಆ ಕೊಬ್ಬು ಟ್ರೈಗ್ಲಿಸರೈಡ್ ಆಗಿ ಹೊರಬರುತ್ತದೆ. ಜತೆಗೆ ಕರಿದ ಮಿರ್ಚಿ, ಚಿಪ್ಸ್ ಇದ್ದರೆ ಏರಿಕೆ ಇನ್ನೂ ಹೆಚ್ಚು. ಸೋಮವಾರ ಬೆಳಿಗ್ಗೆ ರಕ್ತ ಕೊಟ್ಟರೆ ವಾರಾಂತ್ಯದ್ದೇ ಕಾಣುತ್ತದೆ.

ಮಾಡಬೇಕಾದದ್ದು ಇಷ್ಟು. ಕುಡಿತ ಎಂಟು ವಾರ ಪೂರ್ತಿ ನಿಲ್ಲಲಿ. 'ಕಡಿಮೆ ಮಾಡುತ್ತೇನೆ' ಎಂಬುದು ಈ ಪರೀಕ್ಷೆಗೆ ಸಾಲದು, ನಿಂತರೆ ಮಾತ್ರ ಅದರ ಪಾಲೆಷ್ಟು ಎಂಬುದು ಗೊತ್ತಾಗುತ್ತದೆ. ಕಾಫಿ ಎರಡಕ್ಕೆ ಇಳಿಯಲಿ, ಸಕ್ಕರೆ ಇಲ್ಲದೆ. ಊಟದ ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿ. ಕಾಲು ಭಾಗ ಕಾಳು, ಮೊಳಕೆಕಾಳಿನ ಉಸಳಿ, ಇಲ್ಲವೇ ಮೀನು, ಮೊಟ್ಟೆ. ಉಳಿದ ಕಾಲು ಭಾಗ ಅನ್ನ, ರೊಟ್ಟಿ ಅಥವಾ ಮುದ್ದೆ. ಒಂದು ಕಪ್ ಅನ್ನದಲ್ಲಿ 40–45 ಗ್ರಾಂ ಪಿಷ್ಟವಿದೆ, ಒಂದು ಊಟಕ್ಕೆ ಅಷ್ಟೇ ಸಾಕು. ರಾಗಿ, ಜೋಳಕ್ಕೆ ಬದಲಿಸಿದ ಮಾತ್ರಕ್ಕೆ ಎರಡು ಮುದ್ದೆ, ನಾಲ್ಕು ರೊಟ್ಟಿ ತಿನ್ನಬಹುದು ಎಂದಲ್ಲ. ನಾರು ಹೆಚ್ಚಿದೆ ನಿಜ, ಆದರೆ ರಾಗಿಯಲ್ಲೂ ಮುಕ್ಕಾಲು ಪಾಲಿನ ಹತ್ತಿರ ಪಿಷ್ಟವೇ. ಹಸಿವಿಗೆ ಮಂಡಕ್ಕಿಯ ಬದಲು ಒಂದು ಹಿಡಿ ಹುರಿದ ಶೇಂಗಾ, ಹುರಿಗಡಲೆ. ವಾರಕ್ಕೆ 150 ನಿಮಿಷ ಬೆವರು ಬರುವಷ್ಟು ಬಿರುಸಿನ ನಡಿಗೆ. 84 ಕಿಲೋದಲ್ಲಿ ನಾಲ್ಕರಿಂದ ಎಂಟು ಕಿಲೋ ಇಳಿದರೆ ಟ್ರೈಗ್ಲಿಸರೈಡ್ ಸುಮಾರು ಶೇ. 20 ಇಳಿಯುವುದನ್ನು ನಿರೀಕ್ಷಿಸಬಹುದು. ಮೊಟ್ಟೆ ಮತ್ತೆ ತಿನ್ನಬಹುದು.

ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ 40ಕ್ಕಿಂತ ಕಡಿಮೆ: ಈ ಜೋಡಿ ಕಂಡರೆ ಮಧುಮೇಹ ಬಾಗಿಲಲ್ಲಿದೆಯೇ ಎಂದು ನೋಡಲೇಬೇಕು. ಎಚ್‌ಬಿಎ1ಸಿ, (ಮೂರು ತಿಂಗಳ ಸಕ್ಕರೆಯ ಸರಾಸರಿ), ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಕಿಡ್ನಿ), ಮೂತ್ರದಲ್ಲಿ ಪ್ರೋಟೀನ್ ಈ ನಾಲ್ಕನ್ನೂ ಮಾಡಿಸಿ. ಥೈರಾಯ್ಡ್ ಕಡಿಮೆಯಿದ್ದರೆ ಅದನ್ನು ಸರಿಪಡಿಸಿದಾಗ ಎಲ್‌ಡಿಎಲ್, ಟ್ರೈಗ್ಲಿಸರೈಡ್ ಎರಡೂ ಇಳಿಯುತ್ತವೆ. ಬೇರೆ ಕಾಯಿಲೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ರಿಪೋರ್ಟಿನಲ್ಲಿ ಯಾರೂ ನೋಡದ ಇನ್ನೊಂದು ಅಂಕಿಯಿದೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದರೆ ಬರುವ ನಾನ್-ಎಚ್‌ಡಿಎಲ್. ನಿಮ್ಮದು 238ರಲ್ಲಿ 36 ಕಳೆದು 202. ರಕ್ತನಾಳದ ಗೋಡೆಗೆ ನುಗ್ಗಬಲ್ಲ ಕಣಗಳಲ್ಲಿರುವ ಒಟ್ಟು ಕೊಲೆಸ್ಟ್ರಾಲ್ ಇದು. ಟ್ರೈಗ್ಲಿಸರೈಡ್ ಹೆಚ್ಚಿರುವವರಲ್ಲಿ ಎಲ್‌ಡಿಎಲ್‌ಗಿಂತ ಇದೇ ನಂಬಿಕೆಗೆ ಅರ್ಹ. ಅಪಾಯ ಕಡಿಮೆಯಿರುವವರಿಗೂ 130ರೊಳಗಿರಬೇಕು. ಎಂಟರಿಂದ ಹನ್ನೆರಡು ವಾರದ ನಂತರವೂ ಇದು ಇಳಿಯದಿದ್ದರೆ ಮೊದಲು ಯೋಚಿಸಬೇಕಾದ ಮಾತ್ರೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಟ್ರೈಗ್ಲಿಸರೈಡ್ ಇಳಿಸುವ ಫೆನೋಫೈಬ್ರೇಟ್ ಅಲ್ಲ. ಅಂಗಡಿಯ ಮೀನೆಣ್ಣೆ ಕ್ಯಾಪ್ಸೂಲ್‌ಗೆ ಹಣ ಹಾಕಬೇಡಿ: 1,000 ಮಿಲಿಗ್ರಾಂ ಎಂದು ಬರೆದ ಸಾಮಾನ್ಯ ಕ್ಯಾಪ್ಸೂಲ್‌ನಲ್ಲಿ ಕೆಲಸ ಮಾಡುವ ಕೊಬ್ಬಾದ ಒಮೆಗಾ-3 ಇರುವುದು 300 ಮಿಲಿಗ್ರಾಂ ಮಾತ್ರ. ಟ್ರೈಗ್ಲಿಸರೈಡ್ ಇಳಿಸಲು ದಿನಕ್ಕೆ 2ರಿಂದ 4 ಗ್ರಾಂ ಬೇಕು. ಅಷ್ಟಕ್ಕೆ ಏಳರಿಂದ ಹದಿಮೂರು ಕ್ಯಾಪ್ಸೂಲ್ ನುಂಗಬೇಕಾಗುತ್ತದೆ.

ಪ್ರಶ್ನೆ: ತಮ್ಮನಿಗೆ 29 ವರ್ಷ, ಮಧುಮೇಹವಿದೆ, ಗುಳಿಗೆ ಸರಿಯಾಗಿ ತೊಗೊಳ್ಳೋದಿಲ್ಲ. ರಕ್ತ ಹಾಲಿನಂಗೆ ಬೆಳ್ಳಗಿದೆ ಅಂತ ಲ್ಯಾಬ್‌ನವರು ಫೋನ್ ಮಾಡಿದರು. ಟ್ರೈಗ್ಲಿಸರೈಡ್ 1,450. ಎಲ್‌ಡಿಎಲ್ ಜಾಗದಲ್ಲಿ ಏನೂ ಬರೆದಿಲ್ಲ. ಅವನಿಗೆ ಏನೂ ತೊಂದರೆ ಕಾಣುತ್ತಿಲ್ಲ, ಕಾಯಬಹುದೇ?
(ಓದುಗರು, ವಿಜಯಪುರ)

ಉತ್ತರ: ಕಾಯಬೇಡಿ, ಇವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. 500 ದಾಟಿದ ಮೇಲೆ, ಅದರಲ್ಲೂ 1,000 ದಾಟಿದರೆ, ಹೃದಯಕ್ಕಿಂತ ಮೊದಲು ಮೇದೋಜೀರಕ ಗ್ರಂಥಿಗೆ ಅಪಾಯ. ಆ ಗ್ರಂಥಿ ಊದಿಕೊಂಡರೆ ಪ್ಯಾಂಕ್ರಿಯಾಟೈಟಿಸ್. ಪ್ರಾಣಕ್ಕೇ ಸಂಚಕಾರ ತರಬಲ್ಲ ಕಾಯಿಲೆ.

ರಕ್ತ ಬೆಳ್ಳಗೆ ಕಾಣಲು ಕಾರಣ ಕೈಲೋಮೈಕ್ರಾನ್ ಎಂಬ ದೊಡ್ಡ ಕೊಬ್ಬಿನ ಕಣಗಳು. ಆ ರಕ್ತದಿಂದ ಬೇರ್ಪಟ್ಟ ದ್ರವವನ್ನು (ಸೀರಮ್) ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಕಾಯಿಸಿಟ್ಟ ಹಾಲಿನ ಹಾಗೆ ಮೇಲೆ ಕೆನೆ ಕಟ್ಟುತ್ತದೆ. ಎಲ್‌ಡಿಎಲ್ ಬರೆಯದೇ ಇದ್ದದ್ದು ಲ್ಯಾಬ್‌ನವರ ತಪ್ಪಲ್ಲ. ಅನೇಕ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುವುದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಕೆಲಸಕ್ಕೆ ಬರುವುದಿಲ್ಲ.

ಹಿಂದಿನ ಉತ್ತರಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ಎಣ್ಣೆಯನ್ನೂ ಕಟ್ಟುನಿಟ್ಟಾಗಿ ನಿಲ್ಲಿಸಬೇಕು. ಅಂಕಿ 500ರ ಕೆಳಗೆ ಬರುವವರೆಗೆ ಎಲ್ಲ ಮೂಲಗಳಿಂದ ಸೇರಿ ದಿನಕ್ಕೆ 15–20 ಗ್ರಾಂ ಕೊಬ್ಬು ಮೀರಬಾರದು. ಅಂದರೆ ಶೇಂಗಾ ಹಿಂಡಿ (ಚಟ್ನಿಪುಡಿ), ಕೆನೆ ಮೊಸರು, ಒಗ್ಗರಣೆ ಯಾವುದೂ ಇಲ್ಲ. ಜೋಳದ ರೊಟ್ಟಿ, ಒಗ್ಗರಣೆಯಿಲ್ಲದ ಬೇಳೆ, ಬೇಯಿಸಿದ ತರಕಾರಿ, ಕಡೆದ ಮಜ್ಜಿಗೆ. ಸಕ್ಕರೆ, ತಂಪು ಪಾನೀಯ, ಹಣ್ಣಿನ ರಸ, ಮದ್ಯ ಸಂಪೂರ್ಣ ಬಂದ್. ಮದ್ದು ಫೆನೋಫೈಬ್ರೇಟ್, ಕಿಡ್ನಿ ಪರೀಕ್ಷೆ ನೋಡಿಕೊಂಡು. ಆದರೆ ನಿಮ್ಮ ತಮ್ಮನಲ್ಲಿ ಮುಖ್ಯ ಕೆಲಸ ಸಕ್ಕರೆ ಕಾಯಿಲೆಯನ್ನು ಹಿಡಿತಕ್ಕೆ ತರುವುದು; ಇನ್ಸುಲಿನ್ ಬೇಕಾಗಬಹುದು. ಇನ್ಸುಲಿನ್ ಸಾಲದಿದ್ದಾಗ ರಕ್ತದ ಕೊಬ್ಬನ್ನು ಒಡೆಯುವ ಕಿಣ್ವ ಕೆಲಸ ಮಾಡುವುದಿಲ್ಲ, ಹೀಗಾಗಿ ಸಕ್ಕರೆ ಇಳಿದರೆ ಟ್ರೈಗ್ಲಿಸರೈಡ್ ತಾನೇ ಬಹಳಷ್ಟು ಕುಸಿಯುತ್ತದೆ.

ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಹಾಯುವ ತೀವ್ರ ನೋವು, ವಾಂತಿ ಬಂದರೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿಸಬೇಡಿ. ನೇರ ಆಸ್ಪತ್ರೆಗೆ ಹೋಗಿ, ಟ್ರೈಗ್ಲಿಸರೈಡ್ ಇಷ್ಟಿತ್ತು ಎಂದು ಮೊದಲೇ ಹೇಳಿ. ಇಂಥ ರಕ್ತದಲ್ಲಿ ಪ್ಯಾಂಕ್ರಿಯಾಟೈಟಿಸ್ ಪತ್ತೆಗೆ ಮಾಡುವ ಅಮೈಲೇಸ್ ಪರೀಕ್ಷೆ ಸುಳ್ಳೇ ಸಹಜವೆಂದು ಬರಬಹುದು, ಲೈಪೇಸ್ ನೋಡಬೇಕಾಗುತ್ತದೆ.

ಪ್ರಶ್ನೆ: ಹನ್ನೆರಡು ಗಂಟೆ ಉಪವಾಸವಿದ್ದೇ ರಕ್ತ ಕೊಡಬೇಕೇ? ಹದಿನೈದು ದಿನದ ಅಂತರದಲ್ಲಿ ಎರಡು ಲ್ಯಾಬ್‌ಗಳಲ್ಲಿ ಅಮ್ಮನ ಟ್ರೈಗ್ಲಿಸರೈಡ್ 168 ಮತ್ತು 205 ಬಂದಿದೆ. ಯಾವುದು ಸರಿ?
(ಓದುಗರು, ಶಿವಮೊಗ್ಗ)

ಉತ್ತರ: ಎರಡೂ ಸರಿಯಿರಬಹುದು. ಟ್ರೈಗ್ಲಿಸರೈಡ್ ಒಬ್ಬರಲ್ಲೇ ದಿನದಿಂದ ದಿನಕ್ಕೆ ಶೇ. 20ರಷ್ಟು ಆಚೀಚೆ ಆಗುವುದು ಮಾಮೂಲು. ಎಲ್‌ಡಿಎಲ್ ಅಷ್ಟು ಓಲಾಡುವುದಿಲ್ಲ. ಆದ್ದರಿಂದ 10–15 ಅಂಕ ಏರಿತೆಂದು ಗಾಬರಿಯೂ ಬೇಡ, ಇಳಿಯಿತೆಂದು ಕಷಾಯಕ್ಕೆ ಶ್ರೇಯವೂ ಬೇಡ.

ಉಪವಾಸ ಈಗ ಎಲ್ಲರಿಗೂ ಕಡ್ಡಾಯವಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಮೊದಲ ಪರೀಕ್ಷೆಗೆ ಉಪವಾಸ ಬೇಡವೆಂದೇ ಹೇಳುತ್ತದೆ. ತಿಂಡಿ ತಿಂದು ಹೋದರೆ ಎಲ್‌ಡಿಎಲ್ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಟ್ರೈಗ್ಲಿಸರೈಡ್ 20–30 ಅಂಕ ಏರಬಹುದು. ಹಿಂದೆ ಟ್ರೈಗ್ಲಿಸರೈಡ್ ಹೆಚ್ಚಿದ್ದವರು, ಅಥವಾ ಈ ಸಲ ತಿಂದು ಕೊಟ್ಟಾಗ 400 ದಾಟಿದವರು ಮಾತ್ರ ಹತ್ತು–ಹನ್ನೆರಡು ಗಂಟೆ ಏನೂ ತಿನ್ನದೆ ಮತ್ತೊಮ್ಮೆ ಕೊಡಬೇಕು. ಆಗ ನೀರು ಕುಡಿಯಬಹುದು, ಬಿಪಿ ಮಾತ್ರೆ ನುಂಗಬಹುದು. ಅರ್ಧ ಲೋಟ ಕಾಫಿಯೂ ಕೂಡದು. ಹಿಂದಿನ ರಾತ್ರಿ ಮದುವೆ ಮನೆ ಊಟ ಮಾಡಿ ಬಂದು ಪರೀಕ್ಷೆ ಬೇಡ. ಜ್ವರ, ಶಸ್ತ್ರಚಿಕಿತ್ಸೆ ಆದ ಮೇಲೆ ನಾಲ್ಕಾರು ವಾರ ಬಿಟ್ಟು ಮಾಡಿಸಿ, ಇಲ್ಲವಾದರೆ ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆ ಬಂದು ದಾರಿ ತಪ್ಪಿಸುತ್ತದೆ. ಅಮ್ಮನ ಪರೀಕ್ಷೆ ಮುಂದೆ ಒಂದೇ ಲ್ಯಾಬ್‌ನಲ್ಲಿ ಆಗಲಿ.

ಪ್ರಶ್ನೆ: 55 ವರ್ಷ. ಮುಟ್ಟು ನಿಂತ ಮೇಲೆ ಎಲ್‌ಡಿಎಲ್ 118ರಿಂದ 162ಕ್ಕೆ ಏರಿದೆ, ಟ್ರೈಗ್ಲಿಸರೈಡ್ 120. ಬಿಪಿ, ಶುಗರ್ ಇಲ್ಲ. ನಮ್ಮದು ತೆಂಗಿನೆಣ್ಣೆಯ ಅಡುಗೆ, ದಿನಾ ಕಾಯಿ ಅರೆದ ಪದಾರ್ಥ. ಹಿರಿಯರೆಲ್ಲ ಇದನ್ನೇ ತಿಂದು ಬದುಕಿದರಲ್ಲ? ತೆಂಗಿನೆಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂದು ಪ್ಯಾಕೆಟ್ಟಿನ ಮೇಲೇ ಬರೆದಿರುತ್ತಾರೆ.
(ಓದುಗರು, ಮಂಗಳೂರು)

ಉತ್ತರ: ಪ್ಯಾಕೆಟ್ಟಿನ ಮೇಲಿನ ಮಾತು ನಿಜ, ಆದರೆ ಯಾವ ಸಸ್ಯದ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬು (ತಂಪಿನಲ್ಲಿ ಗಟ್ಟಿಯಾಗುವ ಬಗೆಯದು) ಎಷ್ಟಿದೆ ಎಂಬುದನ್ನು. ಲಿವರ್‌ನ ಜೀವಕೋಶಗಳ ಮೇಲೆ ರಕ್ತದಿಂದ ಎಲ್‌ಡಿಎಲ್ ಹಿಡಿದೆಳೆದುಕೊಳ್ಳುವ ಗ್ರಾಹಕಗಳಿವೆ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಅವುಗಳ ಕೆಲಸ ಕುಗ್ಗಿ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ತೆಂಗಿನೆಣ್ಣೆಯಲ್ಲಿ ಇದು ಶೇ. 90ರ ಹತ್ತಿರ, ತುಪ್ಪದಲ್ಲಿ 60ರ ಮೇಲೆ, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು. ಕಡಲೆಕಾಯಿ ಎಣ್ಣೆಯಲ್ಲಿ 20ರೊಳಗೆ, ಸೂರ್ಯಕಾಂತಿಯಲ್ಲಿ 11ರ ಆಸುಪಾಸು, ಕುಸುಬೆಯಲ್ಲಿ ಇನ್ನೂ ಕಡಿಮೆ. ತೆಂಗಿನೆಣ್ಣೆ ಎಚ್‌ಡಿಎಲ್ ಏರಿಸುತ್ತದೆ ಎಂಬ ವಾದವಿದೆ. ಏರಿಸುತ್ತದೆ ಕೂಡ. ಆದರೆ ಎಚ್‌ಡಿಎಲ್ ಅಂಕಿಯನ್ನು ಮೇಲೆತ್ತಿದರೆ ಹೃದಯಾಘಾತ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದನ್ನು ಏರಿಸುವ ಮಾತ್ರೆಗಳ ಮೇಲಿನ ಪ್ರಯೋಗಗಳೇ ನಿರಾಸೆ ತಂದಿವೆ.

ಎಲ್‌ಡಿಎಲ್ ಇಳಿಸಬೇಕಾದವರಿಗೆ ಸ್ಯಾಚುರೇಟೆಡ್ ಕೊಬ್ಬಿನಿಂದ ಬರುವ ಕ್ಯಾಲೊರಿ ಶೇ. 7ರೊಳಗಿರಬೇಕು. ದಿನಕ್ಕೆ 1,800 ಕ್ಯಾಲೊರಿ ತಿನ್ನುವ ನಿಮಗೆ ಇದು 14 ಗ್ರಾಂ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ 11–12 ಗ್ರಾಂ ಮುಗಿಯಿತು. ಒಂದು ಟೀಚಮಚ ತುಪ್ಪದಲ್ಲಿ 3 ಗ್ರಾಂ. ದೊಡ್ಡ ಚಮಚ ಹಸಿ ಕಾಯಿತುರಿಯಲ್ಲಿ ಸುಮಾರು 2 ಗ್ರಾಂ. ಹಾಲನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ: ಶೇ. 6 ಕೊಬ್ಬಿನ ಫುಲ್ ಕ್ರೀಮ್ ಹಾಲು ಅರ್ಧ ಲೀಟರ್ ಕುಡಿದರೆ ಅದರಿಂದಲೇ 18–19 ಗ್ರಾಂ, ಅಂದರೆ ಇಡೀ ದಿನದ ಮಿತಿ ದಾಟಿತು. ಶೇ. 1.5ರ ಡಬಲ್ ಟೋನ್ಡ್ ಆದರೆ ಐದು ಗ್ರಾಂನೊಳಗೆ.

ತೆಂಗನ್ನು ಅಡುಗೆಮನೆಯಿಂದ ಓಡಿಸಬೇಕಾಗಿಲ್ಲ. ದಿನನಿತ್ಯದ ಎಣ್ಣೆ ಬದಲಾಗಲಿ. ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ, ಅಕ್ಕಿತೌಡಿನ ಎಣ್ಣೆಗಳಲ್ಲಿ ಎರಡನ್ನು ಅದಲುಬದಲು ಬಳಸಿ, ತಲೆಗೆ ತಿಂಗಳಿಗೆ ಅರ್ಧ ಲೀಟರ್ ಮಿತಿಯಲ್ಲಿ. ತೆಂಗಿನೆಣ್ಣೆ ಒಗ್ಗರಣೆಯ ಪರಿಮಳಕ್ಕೆ ಅರ್ಧ ಟೀಚಮಚ ಸಾಕು. ಕಾಯಿತುರಿ ತಲೆಗೆ ದಿನಕ್ಕೆ ಎರಡು ದೊಡ್ಡ ಚಮಚ. ಗಸಿ ದಪ್ಪವಾಗಲು ಕಡಿಮೆ ಮಾಡಿದ ಕಾಯಿಯ ಬದಲು ಬೇಯಿಸಿದ ಬೇಳೆ ಅರೆದು ಹಾಕಿ. ಬೂತಾಯಿ, ಬಂಗುಡೆ ವಾರಕ್ಕೆರಡು ಸಲ, ಸಾರಿನಲ್ಲಿ. ರವೆ ಹಚ್ಚಿ ಕರಿದದ್ದಲ್ಲ. ಬೇಕರಿ ತಿಂಡಿ ಬಗ್ಗೆ ಒಂದು ಮಾತು. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಹಾನಿಕರ ಕೊಬ್ಬು) ಶೇ. 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ, ಒಳ್ಳೆಯ ಬೆಳವಣಿಗೆ. ಆದರೂ ಪಫ್, ಖಾರಿ, ಬೆಣ್ಣೆ ಬಿಸ್ಕತ್ತು ಹಗುರಾದವೆಂದಲ್ಲ. ಸಾಮಗ್ರಿ ಪಟ್ಟಿಯಲ್ಲಿ ಪಾಮೋಲಿನ್, ತಾಳೆ ಎಣ್ಣೆ ಎಂಬ ಪದ ಹುಡುಕಿ ನೋಡಿ.

ಇದರ ಜತೆ ನಾರು ಸೇರಿಸಿ. ದಿನಕ್ಕೊಂದು ಬಟ್ಟಲು, ಸುಮಾರು 130 ಗ್ರಾಂ, ಬೇಯಿಸಿದ ಕಾಳು: ಹುರುಳಿ, ಅಲಸಂದೆ, ಹೆಸರು, ಕಡಲೆ ಯಾವುದಾದರೂ ಸರಿ. ಇದರಿಂದ ಎಲ್‌ಡಿಎಲ್ ಶೇ. 5ರಷ್ಟು ಇಳಿಯುತ್ತದೆ. ಇಸಬ್ಗೋಲ್ ಹೊಟ್ಟು ದಿನಕ್ಕೆ 10 ಗ್ರಾಂ, ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿದರೆ ಇನ್ನೂ ಶೇ. 5–10. ನೀರು ಕಡಿಮೆಯಾದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಮಲವೂ ಕಟ್ಟುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ನಾಲ್ಕು ಗಂಟೆ ಅಂತರ ಇಡಬೇಕು.

ಹಿರಿಯರ ವಿಷಯ: ಅವರಲ್ಲಿ ಯಾರೂ ಎಲ್‌ಡಿಎಲ್ ಅಳೆಸಿರಲಿಲ್ಲ, ಗದ್ದೆ ಕೆಲಸವನ್ನೂ ಬಿಟ್ಟಿರಲಿಲ್ಲ. ನಿಮ್ಮ ಏರಿಕೆಗೆ ಆಹಾರವೊಂದೇ ಕಾರಣವೂ ಅಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಸಿದು ಎಲ್‌ಡಿಎಲ್ ಏರುವುದು ಸಾಮಾನ್ಯ. ಮೇಲೆ ಹೇಳಿದ್ದೆಲ್ಲ ಶ್ರದ್ಧೆಯಿಂದ ಮಾಡಿದರೆ ಮೂರು ತಿಂಗಳಲ್ಲಿ 162 ಇಳಿದು 135ರ ಹತ್ತಿರ ಬರಬಹುದು, 100ಕ್ಕೆ ಬರುವುದು ಕಷ್ಟ. ಆಗ ಮಾತ್ರೆ ಬೇಕೇ ಎಂಬುದನ್ನು ತಂದೆ-ತಾಯಿ, ಒಡಹುಟ್ಟಿದವರಲ್ಲಿ ಹೃದಯಾಘಾತ ಯಾವ ವಯಸ್ಸಿಗೆ ಬಂದಿತ್ತು ಎಂಬುದನ್ನೂ, ಒಮ್ಮೆ ಮಾಡಿಸಿದ ಲೈಪೋಪ್ರೋಟೀನ್-ಎ ಪರೀಕ್ಷೆಯನ್ನೂ ಎದುರಿಗಿಟ್ಟುಕೊಂಡು ವೈದ್ಯರೊಂದಿಗೆ ನಿರ್ಧರಿಸಿ. ಲೈಪೋಪ್ರೋಟೀನ್-ಎ ಎಂಬುದು ಎಲ್‌ಡಿಎಲ್‌ನಂಥದೇ ಒಂದು ಕಣ, ಹುಟ್ಟಿನಿಂದ ಬರುವಂಥದ್ದು, ಆಹಾರದಿಂದ ಬದಲಾಗದು. 50 ಮಿಲಿಗ್ರಾಂ ಮೀರಿದ್ದರೆ ಅಪಾಯ ಹೆಚ್ಚು, ಉಳಿದ ಅಂಕಿಗಳನ್ನು ಇನ್ನಷ್ಟು ಬಿಗಿಯಾಗಿ ಇಳಿಸಬೇಕು.

ಪ್ರಶ್ನೆ: ಬೆಳ್ಳುಳ್ಳಿ, ಮೆಂತ್ಯ, ಆಪಲ್ ಸೈಡರ್ ವಿನೆಗರ್, ಕೆಂಪು ಈಸ್ಟ್ ಅಕ್ಕಿಯ ಕ್ಯಾಪ್ಸೂಲ್ ಇವು ರಕ್ತನಾಳದ ಕೊಬ್ಬನ್ನು ಕರಗಿಸುತ್ತವೆಯೇ?
(ಓದುಗರು, ಮಂಡ್ಯ)

ಉತ್ತರ: ಗೋಡೆಯೊಳಗೆ ಕೂತ ಕೊಬ್ಬನ್ನು ಕರಗಿಸಿ ಹರಿಸುವ ಕಷಾಯ ಯಾವುದೂ ಇಲ್ಲ. ಬೆಳ್ಳುಳ್ಳಿ, ಮೆಂತ್ಯ ಅಡುಗೆಯಲ್ಲಿ ಧಾರಾಳವಾಗಿರಲಿ. ಅವುಗಳ ಪರಿಣಾಮ ಇದೆ, ಆದರೆ ಅಲ್ಪ. ವಿನೆಗರ್‌ಗೆ ಹಣ ಬೇಡ, ಹಲ್ಲಿನ ಹೊರಪದರ ಸವೆಯುತ್ತದೆ. ಕೆಂಪು ಈಸ್ಟ್ ಅಕ್ಕಿಯಲ್ಲಿ ಮಾತ್ರ ನಿಜವಾದ ಮದ್ದಿದೆ: ಅದರ ಮೊನಾಕೊಲಿನ್-ಕೆ ಎಂಬುದು ಲೊವಾಸ್ಟ್ಯಾಟಿನ್ ಎಂಬ ಮಾತ್ರೆಯೇ. ಸ್ಟ್ಯಾಟಿನ್‌ಗಳು ಹುಟ್ಟಿದ್ದೂ ಶಿಲೀಂಧ್ರದಿಂದ. ಜಪಾನಿನ ಅಕಿರಾ ಎಂಡೊ 1970ರ ದಶಕದ ಆರಂಭದಲ್ಲಿ ಮೊದಲ ಸ್ಟ್ಯಾಟಿನ್ ಪತ್ತೆ ಮಾಡಿದ್ದು ಪೆನಿಸಿಲಿಯಂ ಜಾತಿಯ ಬೂಸ್ಟಿನಲ್ಲಿ. ಕ್ಯಾಪ್ಸೂಲ್‌ನಲ್ಲಿ ಮೊನಾಕೊಲಿನ್-ಕೆ ಎಷ್ಟಿದೆ ಎಂಬ ಖಾತ್ರಿಯಿಲ್ಲ. ಅದೇ ವಸ್ತು ಬೇಕಿದ್ದರೆ ಅಳೆದು ತಯಾರಿಸಿದ ಮಾತ್ರೆಯೇ ಮೇಲು, ಅಗ್ಗವೂ ಹೌದು.

ಪ್ರಶ್ನೆ: ನನ್ನ ರಿಪೋರ್ಟಿನಲ್ಲಿ ಎಲ್‌ಡಿಎಲ್ 4.1, ಟ್ರೈಗ್ಲಿಸರೈಡ್ 1.8 ಇದೆ. ತುಮಕೂರಿನಲ್ಲಿರುವ ಅಪ್ಪನ ಎಲ್‌ಡಿಎಲ್ 160. ಹೋಲಿಸುವುದು ಹೇಗೆ?
(ಓದುಗರು, ಇಂಗ್ಲೆಂಡ್)

ಉತ್ತರ: ಅಲ್ಲಿನ ಲ್ಯಾಬ್‌ಗಳು ಲೀಟರ್‌ಗೆ ಮಿಲಿಮೋಲ್ ಲೆಕ್ಕದಲ್ಲಿ ಬರೆಯುತ್ತವೆ. ಕೊಲೆಸ್ಟ್ರಾಲ್ ಅಂಕಿಗಳನ್ನು 38.7ರಿಂದ, ಟ್ರೈಗ್ಲಿಸರೈಡ್ ಅನ್ನು 88.6ರಿಂದ ಗುಣಿಸಿ. ಎರಡಕ್ಕೂ ಒಂದೇ ಸಂಖ್ಯೆ ಹಾಕುವುದು ಸಾಮಾನ್ಯ ತಪ್ಪು. ನಿಮ್ಮ ಎಲ್‌ಡಿಎಲ್ 159, ಅಪ್ಪನದ್ದೂ ಅಷ್ಟೇ. ಟ್ರೈಗ್ಲಿಸರೈಡ್ ಸಹ 159, 150ರೊಳಗಿರಬೇಕಿತ್ತು. ಅಲ್ಲಿ ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ, ಪಾರ್ಶ್ವವಾಯು ಬರುವ ಅಪಾಯವನ್ನು ಕ್ಯೂರಿಸ್ಕ್-3 ಎಂಬ ಲೆಕ್ಕದಿಂದ ನೋಡುತ್ತಾರೆ, ಶೇ. 10 ಮುಟ್ಟಿದರೆ ಸ್ಟ್ಯಾಟಿನ್ ಸೂಚಿಸುತ್ತಾರೆ. ಅದರಲ್ಲಿ ಜನಾಂಗದ ಕಾಲಂನಲ್ಲಿ ಭಾರತೀಯ ಎಂದೇ ತುಂಬಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಖಾಲಿ ಬಿಟ್ಟರೆ ಅಪಾಯ ಕಡಿಮೆ ಕಾಣುತ್ತದೆ.

ಪ್ರಶ್ನೆ: 58 ವರ್ಷ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಅಟೊರ್ವಾಸ್ಟ್ಯಾಟಿನ್ 40 ತೊಗೊಳ್ಳುತ್ತಿದ್ದೇನೆ. ಎಲ್‌ಡಿಎಲ್ 132 ಇದ್ದದ್ದು 66ಕ್ಕೆ ಬಂದಿದೆ, ಲ್ಯಾಬ್ ಹಾಳೆಯಲ್ಲಿ 'ನಾರ್ಮಲ್' ಎಂದಿದೆ. ಈಗ ಗುಳಿಗೆ ಬಿಡಬಹುದೇ? ಈಚೆಗೆ ನಡೆದರೆ ಮೀನಖಂಡ ಹಿಡಿಯುತ್ತದೆ, ಗುಳಿಗೆಯಿಂದ ಸ್ನಾಯು ಹಾಳಾಗುತ್ತದೆ ಎಂದು ವಾಟ್ಸಾಪಿನಲ್ಲಿ ಓದಿದೆ.
(ಓದುಗರು, ಹುಬ್ಬಳ್ಳಿ)

ಉತ್ತರ: ಬಿಡಬಾರದು. ಅಂಕಿ ಇಳಿದಿರುವುದು ಗುಳಿಗೆಯಿಂದ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮತ್ತೆ 130ಕ್ಕೆ ಹೋಗುತ್ತದೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಅಪಾಯದ ನಡೆ. ಇನ್ನೊಂದು ವಿಷಯ, ಲ್ಯಾಬ್ ಹಾಳೆಯ 'ನಾರ್ಮಲ್' ಎಲ್ಲರಿಗೂ ಅಚ್ಚು ಹಾಕಿದ್ದು, ನಿಮಗಾಗಿ ಬರೆದದ್ದಲ್ಲ. ಭಾರತದ 2024ರ ಮಾರ್ಗಸೂಚಿಯ ಪ್ರಕಾರ ಅಪಾಯ ಕಡಿಮೆ ಅಥವಾ ಮಧ್ಯಮವಿರುವವರಿಗೆ ಎಲ್‌ಡಿಎಲ್ 100ರೊಳಗೆ, ಹೆಚ್ಚಿರುವವರಿಗೆ 70ರೊಳಗೆ, ಈಗಾಗಲೇ ಹೃದಯಾಘಾತವೋ ಸ್ಟೆಂಟೋ ಆದ ನಿಮ್ಮಂಥವರಿಗೆ 55ರೊಳಗೆ ಇರಬೇಕು. ನೀವು ಇನ್ನೂ ಗುರಿ ಮುಟ್ಟಿಲ್ಲ.

ಗುಳಿಗೆಯ ಪ್ರಮಾಣ 80ಕ್ಕೆ ಏರಿಸಿದರೆ ಎಂದು ಕೇಳಬಹುದು. ಸ್ಟ್ಯಾಟಿನ್ ಪ್ರಮಾಣ ದುಪ್ಪಟ್ಟು ಮಾಡಿದಾಗ ಸಿಗುವ ಹೆಚ್ಚಿನ ಇಳಿಕೆ ಶೇ. 6 ಮಾತ್ರ, ನಿಮ್ಮಲ್ಲಿ 60ರ ಆಸುಪಾಸಿಗೆ ಬರಬಹುದು. ಅದರ ಬದಲು ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸಿದರೆ ಈಗಿರುವುದರಲ್ಲಿ ಇನ್ನೂ ಶೇ. 20 ಇಳಿದು 53ಕ್ಕೆ ಬರುವ ಸಂಭವವಿದೆ. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳುವುದನ್ನು ತಡೆಯುವ ಗುಳಿಗೆ ಅದು, ದಾರಿಯೇ ಬೇರೆಯಾದ್ದರಿಂದ ಲಾಭ ಹೆಚ್ಚು. ನಿಮ್ಮ ವೈದ್ಯರನ್ನು ಇದನ್ನೇ ಕೇಳಿ.

ಮೀನಖಂಡದ ನೋವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟ್ಯಾಟಿನ್‌ನಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ಕಡೆ, ತೊಡೆ, ಭುಜ, ಸೊಂಟದ ದೊಡ್ಡ ಸ್ನಾಯುಗಳಲ್ಲಿ, ಗುಳಿಗೆ ಶುರುವಾದ ಅಥವಾ ಪ್ರಮಾಣ ಏರಿಸಿದ ವಾರಗಳಲ್ಲಿ ಬರುತ್ತದೆ. ಎರಡು ವರ್ಷ ಸುಮ್ಮನಿದ್ದು ಈಗ, ಅದೂ ನಡೆದಾಗ ಹಿಡಿದು ನಿಂತರೆ ಬಿಡುವ ನೋವು ಬೇರೆಯೇ ಅನುಮಾನ ಹುಟ್ಟಿಸುತ್ತದೆ: ಕಾಲಿನ ರಕ್ತನಾಳ ಕಟ್ಟಿಕೊಂಡಿರಬಹುದು. ಹಾಗಿದ್ದರೆ ನೀವು ಬಿಡಬೇಕೆಂದಿರುವ ಗುಳಿಗೆಯೇ ನಿಮಗೆ ಹೆಚ್ಚು ಬೇಕಾದದ್ದು. ಪಾದದ ನಾಡಿ ನೋಡಿ, ಕಾಲಿನ ಬಿಪಿಯನ್ನು ಕೈಯದರೊಂದಿಗೆ ಹೋಲಿಸುವ ಸರಳ ಪರೀಕ್ಷೆಯಿದೆ, ಈ ವಾರವೇ ಮಾಡಿಸಿ. ಬೀಡಿ, ಸಿಗರೇಟು, ತಂಬಾಕು ಇದ್ದರೆ ಅವತ್ತೇ ಬಿಡಿ.

ಸ್ಟ್ಯಾಟಿನ್‌ನಿಂದಲೇ ನೋವು ಎನ್ನಿಸುವ ಉಳಿದ ಓದುಗರಿಗೂ ಕ್ರಮ ಒಂದಿದೆ. ಸ್ನಾಯುವಿನ ಹಾನಿ ತೋರಿಸುವ ಸಿಕೆ ಎಂಬ ರಕ್ತಪರೀಕ್ಷೆ, ಟಿಎಸ್‌ಎಚ್, ವಿಟಮಿನ್ ಡಿ ನೋಡಿಸಿ. ವೈದ್ಯರು ಹೇಳಿದರೆ ಎರಡರಿಂದ ನಾಲ್ಕು ವಾರ ನಿಲ್ಲಿಸಿ ನೋಡಿ. ನೋವು ಹೋಗದಿದ್ದರೆ ಅದು ಗುಳಿಗೆಯದ್ದಲ್ಲ. ಹೋದರೆ ಕಡಿಮೆ ಪ್ರಮಾಣದಲ್ಲಿ, ಇಲ್ಲವೇ ಬೇರೆ ಸ್ಟ್ಯಾಟಿನ್‌ನಿಂದ ಮತ್ತೆ ಶುರು. ರೊಸುವಾಸ್ಟ್ಯಾಟಿನ್ 5 ಮಿಲಿಗ್ರಾಂ ದಿನ ಬಿಟ್ಟು ದಿನ ಕೊಟ್ಟರೂ ಸಾಕಷ್ಟು ಇಳಿಯುತ್ತದೆ. ಸ್ಟ್ಯಾಟಿನ್ ಸಹಿಸಲಾರೆ ಎಂದು ಬಿಟ್ಟವರ ಮೇಲೆಯೇ ಬ್ರಿಟನ್ನಿನಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಸ್ಯಾಮ್ಸನ್ ಪ್ರಯೋಗದಲ್ಲಿ, ಅವರು ಹೇಳಿದ ತೊಂದರೆಯ ಶೇ. 90ರಷ್ಟು ಮದ್ದಿಲ್ಲದ ಹುಸಿ ಗುಳಿಗೆ ನುಂಗಿದ ತಿಂಗಳುಗಳಲ್ಲೂ ಬಂದಿತ್ತು. ನೋವು ಸುಳ್ಳೆಂದಲ್ಲ, ಕಾರಣ ಎಲ್ಲ ಸಲವೂ ಗುಳಿಗೆಯಲ್ಲ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿ ಮೈಯೆಲ್ಲ ಶಕ್ತಿ ಕುಂದಿದರೆ ಮಾತ್ರ ಗುಳಿಗೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಪರೂಪ, ಆದರೆ ಕಿಡ್ನಿಗೆ ಅಪಾಯ. ಅಟೊರ್ವಾಸ್ಟ್ಯಾಟಿನ್ ನಡೆಯುತ್ತಿರುವಾಗ ಗಂಟಲು ನೋವಿಗೆ ಕ್ಲಾರಿಥ್ರೊಮೈಸಿನ್, ಹುಳುಕಡ್ಡಿಗೆ ಇಟ್ರಾಕೊನಜೋಲ್ ಬರೆಸಿಕೊಂಡಾಗ ಹೀಗಾಗುವ ಸಂಭವ ಹೆಚ್ಚು. ಚೀಟಿ ಬರೆಯುವ ಮುನ್ನವೇ ನಿಮ್ಮ ಗುಳಿಗೆಗಳ ಹೆಸರು ಹೇಳಿ.

ಸ್ಟ್ಯಾಟಿನ್‌ನಿಂದ ಮಧುಮೇಹ ಬರುತ್ತದೆಯೇ ಎಂಬುದು ಇನ್ನೂ ಕೆಲವರ ಪ್ರಶ್ನೆ. 255 ಜನ ನಾಲ್ಕು ವರ್ಷ ತೆಗೆದುಕೊಂಡರೆ ಒಬ್ಬರಲ್ಲಿ ಹೆಚ್ಚುವರಿಯಾಗಿ ಕಾಣಿಸಿಕೊಳ್ಳುತ್ತದೆ, ಅದೂ ಹೆಚ್ಚಾಗಿ ಅಂಚಿನಲ್ಲಿದ್ದವರಲ್ಲಿ. ಸ್ಟೆಂಟ್ ಇರುವವರಿಗೆ ಲಾಭದ ತೂಕವೇ ಬಹಳ ಹೆಚ್ಚು. ಅಟೊರ್ವಾ, ರೊಸುವಾ ಗುಳಿಗೆಗಳನ್ನು ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು, ರಾತ್ರಿಯೇ ಆಗಬೇಕೆಂದಿಲ್ಲ.

ಪ್ರಶ್ನೆ: 36 ವರ್ಷ, ತೂಕ 52 ಕಿಲೋ, ಶುದ್ಧ ಸಸ್ಯಾಹಾರಿ. ಎಲ್‌ಡಿಎಲ್ 248, ಟ್ರೈಗ್ಲಿಸರೈಡ್ 105, ಥೈರಾಯ್ಡ್ ಸರಿಯಿದೆ. ಅಣ್ಣನಿಗೆ 38ಕ್ಕೇ ಹೃದಯಾಘಾತವಾಯಿತು. ನನಗೆ ಸೋದರಮಾವನೊಂದಿಗೇ ಮದುವೆಯಾಗಿದೆ. 12 ವರ್ಷದ ಮಗಳಿಗೂ ಪರೀಕ್ಷೆ ಬೇಕೇ?
(ಓದುಗರು, ಕಲಬುರಗಿ)

ಉತ್ತರ: ಬೇಕು, ಮಗಳಿಗೆ ಮಾತ್ರವಲ್ಲ, ನಿಮ್ಮ ಯಜಮಾನರಿಗೂ. ಟ್ರೈಗ್ಲಿಸರೈಡ್ ಸಹಜವಿದ್ದು ಎಲ್‌ಡಿಎಲ್ ಒಂದೇ 190 ದಾಟಿದರೆ, ಜತೆಗೆ ಮನೆತನದಲ್ಲಿ ಎಳೆ ವಯಸ್ಸಿನ ಹೃದಯಾಘಾತವಿದ್ದರೆ, ಇದು ವಂಶವಾಹಿ ಕೊಲೆಸ್ಟ್ರಾಲ್ ಕಾಯಿಲೆ ಎಂದೇ ಮೊದಲು ಭಾವಿಸಬೇಕು. ಸುಮಾರು 250–300 ಜನರಲ್ಲಿ ಒಬ್ಬರಿಗೆ ಇರುವಂಥದ್ದು, ಅಪರೂಪವೇನಲ್ಲ. ಲಿವರ್‌ನ ಎಲ್‌ಡಿಎಲ್ ಗ್ರಾಹಕಗಳಲ್ಲಿ ಹುಟ್ಟಿನಿಂದಲೇ ಅರ್ಧದಷ್ಟು ಕೆಲಸ ಮಾಡುವುದಿಲ್ಲ. ಇದನ್ನು ಬಿಡಿಸಿ ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ನೀವು ಏನೋ ತಪ್ಪು ತಿಂದಿದ್ದಕ್ಕೆ ಬಂದದ್ದಲ್ಲ. ಪಥ್ಯ ಬೇಕು, ಆದರೆ ಪಥ್ಯದಿಂದಷ್ಟೇ 248 ಇಳಿಯುವುದಿಲ್ಲ. ಮಾತ್ರೆ ಈಗಲೇ ಶುರುವಾಗಬೇಕು.

ನಿಮ್ಮ ಹಿಮ್ಮಡಿಯ ಮೇಲಿನ ದಪ್ಪ ನರದಂಥ ಸ್ನಾಯುರಜ್ಜುವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಗಂಟುಗಂಟಾಗಿ, ಇತರರದ್ದಕ್ಕಿಂತ ದಪ್ಪವಿದ್ದರೆ, ಅಥವಾ ಬೆರಳ ಗಿಣ್ಣುಗಳ ಮೇಲೆ ಅಂಥದೇ ಗಂಟುಗಳಿದ್ದರೆ ವೈದ್ಯರಿಗೆ ತೋರಿಸಿ. ಅದು ಕೊಲೆಸ್ಟ್ರಾಲ್ ಶೇಖರಣೆ. 45 ವರ್ಷದೊಳಗೇ ಕಣ್ಣಿನ ಕಪ್ಪು ಭಾಗದ ಸುತ್ತ ಬಿಳಿ ಬಳೆ ಕಂಡರೂ ಅದೇ ಸೂಚನೆ. ಗಂಟು ಇಲ್ಲವೆಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ.

ಮಗಳಿಗೆ ನಿಮ್ಮಿಂದ ಬಂದಿರುವ ಸಂಭವ ಅರ್ಧಕ್ಕರ್ಧ. ಈ ದೋಷ ನಿಮಗೆ ತಾಯಿಯ ಕಡೆಯಿಂದ ಬಂದಿದ್ದರೆ, ಅವರ ತಮ್ಮನಾದ ನಿಮ್ಮ ಯಜಮಾನರಲ್ಲೂ ಇರುವ ಸಾಧ್ಯತೆ ಅಷ್ಟೇ ಇದೆ. ಗಂಡ-ಹೆಂಡತಿ ಇಬ್ಬರಲ್ಲೂ ಇದ್ದಾಗ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಎರಡೂ ಕಡೆಯಿಂದ ದೋಷ ಬರಬಹುದು. ಅಂಥ ಮಕ್ಕಳಲ್ಲಿ ಎಲ್‌ಡಿಎಲ್ 400 ದಾಟುತ್ತದೆ, ಮೊಣಕೈ, ಮೊಣಕಾಲು, ಪೃಷ್ಠದ ಚರ್ಮದ ಮೇಲೆ ಹಳದಿ ಗಂಟು ಬಾಲ್ಯದಲ್ಲೇ ಕಾಣುತ್ತವೆ, ಹದಿಹರೆಯದಲ್ಲೇ ಹೃದಯಾಘಾತ ಬರಬಹುದು. ಅವರನ್ನು ದೊಡ್ಡ ಆಸ್ಪತ್ರೆಯ ತಜ್ಞರೇ ನೋಡಬೇಕು. ಸೋದರ ಸಂಬಂಧದ ಮದುವೆಗಳು ಹೆಚ್ಚಿರುವ ನಮ್ಮ ಕಡೆ ಈ ವಿಷಯ ಇನ್ನೂ ಜೋರಾಗಿ ಹೇಳಬೇಕಾಗಿದೆ.

ಮಗಳ ಎಲ್‌ಡಿಎಲ್ 160 ಮೀರಿದ್ದರೆ ಕಾಯಿಲೆ ಬಂದಿದೆ ಎಂದೇ ಲೆಕ್ಕ. ಎಂಟು–ಹತ್ತು ವರ್ಷ ದಾಟಿದ ಇಂಥ ಮಕ್ಕಳಿಗೆ ಸಣ್ಣ ಪ್ರಮಾಣದ ಸ್ಟ್ಯಾಟಿನ್ ಕೊಡುತ್ತಾರೆ. ಬೆಳವಣಿಗೆಗೆ, ಮೈನೆರೆಯುವುದಕ್ಕೆ ಅಡ್ಡಿಯಾಗುವುದಿಲ್ಲ. ನಿಮಗೆ ಇನ್ನೊಂದು ಮಗು ಬೇಕೆಂದಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ, ಗರ್ಭ ಧರಿಸುವ ಮುಂಚೆ ಸ್ಟ್ಯಾಟಿನ್ ನಿಲ್ಲಿಸಲು ಹೇಳುವುದು ವಾಡಿಕೆ. ಪೂರ್ತಿ ಪ್ರಮಾಣದ ಸ್ಟ್ಯಾಟಿನ್, ಎಜೆಟಿಮೈಬ್ ಎರಡಕ್ಕೂ ಬಗ್ಗದಿದ್ದರೆ ಚುಚ್ಚುಮದ್ದುಗಳಿವೆ. ಇನ್‌ಕ್ಲಿಸಿರಾನ್ ಎಂಬುದನ್ನು ಮೊದಲ ಸಲ, ಮೂರು ತಿಂಗಳಿಗೆ ಮತ್ತೊಂದು ಸಲ, ಆಮೇಲೆ ಆರು ತಿಂಗಳಿಗೊಮ್ಮೆ ಕೊಡುತ್ತಾರೆ. ಬೆಲೆ ಮಾತ್ರ ದುಬಾರಿ.

ಒಂದು ಹಾಳೆಯಲ್ಲಿ ತಾಯಿ, ಅಣ್ಣ, ಉಳಿದ ಒಡಹುಟ್ಟಿದವರು, ಅಣ್ಣನ ಮಕ್ಕಳು, ಯಜಮಾನರು, ಮಗಳು ಇಷ್ಟೂ ಜನರ ಹೆಸರು ಬರೆದು, ಪ್ರತಿಯೊಬ್ಬರ ಎದುರು ವಯಸ್ಸು, ಎಲ್‌ಡಿಎಲ್ ತುಂಬಿಸುತ್ತಾ ಬನ್ನಿ. ವಂಶವಾಹಿ ಪರೀಕ್ಷೆಗೆ ಹಣವಿಲ್ಲದಿದ್ದರೂ ತೊಂದರೆಯಿಲ್ಲ, ಸಾಮಾನ್ಯ ಲಿಪಿಡ್ ಪ್ರೊಫೈಲ್‌ನಿಂದಲೇ ಈ ಹಾಳೆ ಸಿದ್ಧವಾಗುತ್ತದೆ. ಮಾತ್ರೆ ಬರೆಸಿಕೊಳ್ಳಲು ಹೋಗುವ ದಿನ ಅದನ್ನು ಜತೆಗೊಯ್ಯಿರಿ.